ಗನ್ ಹಾಲ್‌ನಿಂದ ಓಗೊಟ್ಟ ದನಿ

ಈ ಸಲ ದೀಪಾವಳಿಯ ಹಿಂದಿನ ದಿನವೇ ಮಳೆ ಹಿಡಿಯಿತು. ಮೈಲಾಪೂರಿನ ನಮ್ಮ ಬೀದಿಯ ಹುಡುಗರು ಅದಕ್ಕೆಲ್ಲ ಜಗ್ಗುವವರಲ್ಲ. ಸಜ್ಜೆಯ ಕೆಳಗೆ, ಮೆಟ್ಟಿಲ ಸಂದಿಯಲ್ಲಿ, ನಿಂತ ಆಟೋದ ಮರೆಯಲ್ಲಿ, ಎಲ್ಲೆಲ್ಲಿ ಮೊಳದಷ್ಟು ಒಣ ಜಾಗ ಸಿಕ್ಕಿತೋ ಅಲ್ಲೆಲ್ಲ ಪಟಾಕಿ ಹೊಡೆದರು. ಹಬ್ಬದ ಮಾರನೇ ಬೆಳಿಗ್ಗೆ ಹಾಲಿನ ಪಾಕೀಟು ತರಲು ಕೆಳಗಿಳಿದರೆ ಕೆಂಪು ಕಾಗದದ ಚೂರು ನೆನೆದು ಮುದ್ದೆಯಾಗಿ ಮೋರಿಗೆ ಅಡ್ಡ ಬಿದ್ದಿತ್ತು. ಸುಟ್ಟ ಮದ್ದು, ಒದ್ದೆ ಸಿಮೆಂಟು, ಆಟೋದಿಂದ ಸೋರಿದ ಆಯಿಲ್ಲು, ಮೂರೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ನಾನು ಪಾಕೀಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಕೆಳಗಿನ ಮನೆಯ ಮಾಮಿ "ಎನ್ನ ಆಚ್ಚು ಮಾ?" ಎಂದರು. ಏನೂ ಆಗಿಲ್ಲ ಎಂದು ಹೇಳಿ ಮೇಲೆ ಬಂದೆ. ಆದರೆ ಕಾಫಿಗೆ ಹಾಲು ಕಾಯಿಸುವಾಗಲೂ ಆ ವಾಸನೆ ಮೂಗು ಬಿಟ್ಟು ಹೋಗಲಿಲ್ಲ. ಅಂಬತ್ತೂರಿನ ಗನ್ ಹಾಲ್‌ನ ಬಾಗಿಲು ತೆಗೆದ ಕೂಡಲೇ ಬರುತ್ತಿದ್ದದ್ದು ಇದೇ ವಾಸನೆ.

ಅಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೇನೆ. ಆದರೆ ನೆನಪಿಗೆ ಬರುವುದು ಒಂದೇ ಮಳೆಗಾಲ.

ಇಂಡಸ್ಟ್ರಿಯಲ್ ಎಸ್ಟೇಟಿನ ಒಳಗೆ, ಒಂದು ಪಕ್ಕ ನಟ್ಟು ಬೋಲ್ಟು ಮಾಡುವ ಕಾರ್ಖಾನೆ, ಇನ್ನೊಂದು ಪಕ್ಕ ಗಾಜಿನ ಗೋಡೆಯ ಐಟಿ ಆಫೀಸು, ನಡುವೆ ಕಿಟಕಿಯೇ ಇಲ್ಲದ ಉದ್ದನೆಯ ಕಾಂಕ್ರೀಟು ಕಟ್ಟಡ. ನಮ್ಮದು ಚಿಕ್ಕ ಕಂಪನಿ. ಪರೀಕ್ಷೆಗೆಂದೇ ಗನ್ ಕಟ್ಟುವುದು ನಮ್ಮ ಕೆಲಸ. ಊರಿಗೆ ಹೋದಾಗಲೆಲ್ಲ ಅಮ್ಮನಿಗೆ "ಅದು ಯಾರನ್ನೂ ಸಾಯ್ಸೋಕಲ್ಲಮ್ಮ" ಎಂದು ಹೇಳಿ ಹೇಳಿ ನನಗೇ ಬೇಜಾರಾಗಿತ್ತು. ಸೈನ್ಯದ ಗಾಡಿಗಳ ಕವಚದ ತಗಡನ್ನು ಪರೀಕ್ಷೆಗೆ ತಂದವರ ಎದುರು ನಿಂತಾಗ ಆ ಮಾತು ಪೂರ್ತಿ ನಿಜ ಅನ್ನಿಸುತ್ತಲೂ ಇರಲಿಲ್ಲ. ಉಪಗ್ರಹದ ಮಂದಿ ಬಂದರೆ ಮನಸ್ಸಿಗೆ ಹಗುರ. ಮೇಲೆ ಸುತ್ತುತ್ತಿರುವ ಹಳೆಯ ಉಪಗ್ರಹಗಳ ಚೂರು, ಬಟಾಣಿಯಷ್ಟು ಇದ್ದರೂ ಸಾಕು, ಆ ವೇಗದಲ್ಲಿ ಬಂದು ಬಡಿದರೆ ತಗಡು ಸೀಳಿ ಒಳಗಿನದೆಲ್ಲ ಹುಡಿ ಹುಡಿ. ಅದನ್ನು ತಡೆಯುವ ಕವಚ ಗಟ್ಟಿಯೋ ಅಲ್ಲವೋ ಎಂದು ತಿಳಿಯಬೇಕಾದರೆ ಆ ವೇಗವನ್ನು ನೆಲದ ಮೇಲೇ ಹುಟ್ಟಿಸಬೇಕು.

ಬರೀ ಮದ್ದಿನಿಂದ ಅದು ಹುಟ್ಟುವುದಿಲ್ಲ. ಮದ್ದು ಹೊತ್ತಿ ಒಂದು ದಪ್ಪ ಪ್ಲಾಸ್ಟಿಕ್ ದಿಂಡನ್ನು ತಳ್ಳುತ್ತದೆ, ದಿಂಡು ಮುಂದಿರುವ ಹೈಡ್ರೋಜನ್ನನ್ನು ಅದುಮುತ್ತದೆ, ಅದು ತಡೆಯಲಾರದೆ ಉಕ್ಕಿನ ಬಿಲ್ಲೆಯೊಂದನ್ನು ಒಡೆದುಕೊಂಡು ಗುಂಡನ್ನು ನಳಿಗೆಯ ಉದ್ದಕ್ಕೂ ಅಟ್ಟುತ್ತದೆ. ಗುಂಡು ಹೋಗಿ ಬೀಳುವುದು ಗಾಳಿ ತೆಗೆದ ದೊಡ್ಡ ಉಕ್ಕಿನ ತೊಟ್ಟಿಯೊಳಗೆ. ತೊಟ್ಟಿ ಹಳಿಯ ಮೇಲೆ ಕೂತಿರುತ್ತಿತ್ತು. ಹೊಡೆತ ಬಿದ್ದಾಗ ಅದು ಒಮ್ಮೆಲೇ ಹಿಂದಕ್ಕೆ ಜಾರಿ ಗೋಡೆಗೆ ಕಟ್ಟಿದ ರಬ್ಬರಿಗೆ ಗುದ್ದಿ ನಿಲ್ಲುತ್ತಿತ್ತು. ನಮ್ಮ ಹಳೆಯ ಗನ್ನಿನ ನಳಿಗೆಯಲ್ಲಿ ಬೆರಳು ತೂರಿಸಬಹುದಿತ್ತು. ಆ ವರ್ಷ ನಾವು ಕಟ್ಟುತ್ತಿದ್ದ ಹೊಸದರಲ್ಲಿ ಕಾಫಿ ಲೋಟವೇ ಜಾರಿ ಹೋಗುತ್ತಿತ್ತು. ಸದ್ದು ನಮ್ಮ ಕಿವಿಗೆ ಬೀಳುವ ಹೊತ್ತಿಗೆ ಒಳಗೆ ಆಗಬೇಕಾದದ್ದೆಲ್ಲ ಆಗಿ ಮುಗಿದಿರುತ್ತಿತ್ತು.

ನನ್ನ ಪಾಲಿಗೆ ಇದ್ದದ್ದು ಅಳತೆಯ ಉಪಕರಣಗಳು. ಗನ್ ಮಾತ್ರ ಮೂರ್ತಿ ಸರ್ ಅವರದು. ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯ ಎಂಜಿನಿಯರು, ಮೀಸೆಗೆ ಬಣ್ಣ ಹಚ್ಚಿ ತಲೆಗೆ ಹಚ್ಚದ ಮನುಷ್ಯ. ನಾನು ಕೆಲಸಕ್ಕೆ ಸೇರಿದ ದಿನ ನನ್ನ ಹೆಸರು ವಸುಧಾ, ಊರು ನಂಜನಗೂಡಿನ ಕಡೆ ಎಂದದ್ದೇ ತಡ, ಕಣ್ಣರಳಿಸಿ ಕನ್ನಡಕ್ಕೆ ಇಳಿದರು.

"ನಮ್ಮಪ್ಪ ಕೋಲಾರದ ಕಡೆಯಿಂದ ಬಂದು ಪೆರಂಬೂರಲ್ಲಿ ರೈಲ್ವೇಲಿ ಸೇರ್ಕೊಂಡ್ರು ಮಾ. ನಾನು ಪೊರಂದು ಬೆಳೆದದ್ದೇ ಇಲ್ಲಿ. ನಮ್ಮ ಕನ್ನಡ ಕೇಳಿ ನಗಬೇಡ, ಸೆರಿಯಾ? ನನ್ನ ಮಗಳಿಗೆ ಕನ್ನಡ ಎಲ್ಲಾ ಪುರಿಯತ್ತೆ, ಆದ್ರೆ ತಮಿಳಲ್ಲೇ ಪದಿಲ್ ಹೇಳ್ತಾಳೆ. ಮನೇಲಿ ಕನ್ನಡ ಮಾತಾಡೋದು ನಾನು, ನಮ್ಮ ರತ್ನ, ಅಷ್ಟೇ."

ಆ ಮಳೆಗಾಲಕ್ಕೆ ಮೊದಲಿನ ಬೇಸಿಗೆಯಲ್ಲಿ ಅವರ ಹೆಂಡತಿ ರತ್ನಮ್ಮ ತೀರಿಕೊಂಡರು. ಆಮೇಲೆ ಅವರಿಗೆ ಕನ್ನಡದಲ್ಲಿ ಮಾತಾಡಲು ಉಳಿದವಳು ನಾನೊಬ್ಬಳು. ದಿನವೂ ಮೈಲಾಪೂರಿನಿಂದ ರೈಲು ಹತ್ತಿ, ಸೆಂಟ್ರಲ್ ಹತ್ತಿರ ಇಳಿದು, ಅಂಬತ್ತೂರಿನ ಲೋಕಲ್ ಹಿಡಿಯುತ್ತಿದ್ದೆ. ಅದೇ ಗಾಡಿಗೆ ಅವರು ಪೆರಂಬೂರಿನಲ್ಲಿ ಹತ್ತುತ್ತಿದ್ದರು. ಸೀಟು ಸಿಕ್ಕಿದರೂ ಕೂರದೆ ಬಾಗಿಲ ಹತ್ತಿರ ನಿಂತು, ಅಡುಗೆ ಏನು, ಊರಲ್ಲಿ ಮಳೆ ಹೇಗೆ ಎಂದು ವಿಚಾರಿಸಿಕೊಳ್ಳುತ್ತಿದ್ದರು.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಗುಂಡು ತುಂಬಿ, ತೊಟ್ಟಿ ಮುಚ್ಚಿ, ಗಾಳಿ ಎಳೆದು, ಎಲ್ಲರೂ ಹೊರಬಂದ ಮೇಲೆ ಮೂರ್ತಿ ಸರ್ ಬಾಗಿಲಲ್ಲಿ ನಿಂತು ಹಾಲ್‌ನ ಒಳಕ್ಕೆ ಕೂಗುವರು: "ಉಳ್ಳ ಯಾರಾವದು ಇರುಕ್ಕೀಂಗಳಾ?" ಒಳಗೆ ಯಾರಾದರೂ ಇದ್ದೀರಾ ಎಂದು. ಕೂಗಿ, ಕೈ ಎತ್ತಿ, ಉಸಿರು ಬಿಗಿಹಿಡಿದು ಕಾಯುವರು. ಹಿಂದೆ ನಿಂತ ನಾವೂ ಉಸಿರಾಡುತ್ತಿರಲಿಲ್ಲ. ಒಳಗಿಂದ ಏನೂ ಬರದಿದ್ದರೆ ಕೈ ಇಳಿಸಿ ದಪ್ಪ ಬಾಗಿಲು ಎಳೆದು, ಕಂಟ್ರೋಲ್ ರೂಮಿಗೆ ಬಂದು "ಯಾರೂ ಇಲ್ಲೆ" ಎನ್ನುವರು. ಗುಂಡು ಹಾರಿಸುವ ಕೀಲಿ ತಿರುಗುವುದು ಆಮೇಲೆಯೇ. ಗನ್ ಹಾಲ್ ಕಟ್ಟಿದ ದಿನದಿಂದ ಹೀಗೇ ನಡೆದಿತ್ತು. ತಲೆ ಎಣಿಸುವುದು, ಬಾಗಿಲಲ್ಲಿ ಸಹಿ ಹಾಕುವುದು ನಮ್ಮಲ್ಲಿರಲಿಲ್ಲ. ಮೂರ್ತಿ ಸರ್ ಕೂಗಿದರೆ ಆಯಿತು. ಬೇರೆ ಕಡೆ ಜನ ಕೂಗಿ ಉತ್ತರಕ್ಕೆ ಕಾಯುತ್ತಾರೆ, ನಾವು ಉತ್ತರ ಬಾರದಿರಲಿ ಎಂದು ಕಾಯುತ್ತಿದ್ದೆವು.

ತಮಿಳರ ಐಪ್ಪಸಿ, ದೀಪಾವಳಿಯ ತಿಂಗಳ ಮಳೆ ಕೂತಿತ್ತು. ಎಸ್ಟೇಟಿನ ರಸ್ತೆಯಲ್ಲಿ ಮೊಣಕಾಲುದ್ದ ನೀರು. ಹಾಲ್‌ನ ನೆಲದಲ್ಲಿ ತಂತಿಗಳಿಗೆಂದು ಮಾಡಿದ ಕಾಲುವೆಯೊಳಗೂ ನೀರು ಒಸರುತ್ತಿತ್ತು, ಗೋಡೆಗೆ ಕೈ ಇಟ್ಟರೆ ಅಂಗೈ ಒದ್ದೆ. ಹೊಸ ಗನ್ನಿನ ಮೊದಲ ಪೂರ್ಣ ಪರೀಕ್ಷೆಯ ದಿನ ಮೂರ್ತಿ ಸರ್ ಎಂದಿನಂತೆ ಕೂಗಿದರು, ಕೈ ಎತ್ತಿದರು. ಕೈ ಇಳಿಯಲೇ ಇಲ್ಲ. ನಿಧಾನವಾಗಿ ನಮ್ಮ ಕಡೆ ತಿರುಗಿದರು.

"ಒಳಗೆ ಯಾರೋ ಇದಾರೆ."

ನಮ್ಮ ಮೇಲಧಿಕಾರಿ ಇಳಂಗೋವನ್, ಮೂರ್ತಿ ಸರ್ ಕೈ ಕೆಳಗೇ ಕೆಲಸ ಕಲಿತು ಅವರನ್ನು ದಾಟಿ ಮೇಲೆ ಹೋದವರು, ತಕ್ಷಣ ಎಲ್ಲವನ್ನೂ ನಿಲ್ಲಿಸಿದರು. ನಾವು ಟಾರ್ಚು ಹಿಡಿದು ಮೂಲೆ ಮೂಲೆ ಹುಡುಕಿದೆವು. ಬೆಕ್ಕೂ ಇರಲಿಲ್ಲ. ಎಲ್ಲರೂ ಚದುರಿದ ಮೇಲೆ ಮೂರ್ತಿ ಸರ್ ನನ್ನನ್ನು ಪಕ್ಕಕ್ಕೆ ಕರೆದರು.

"'ಇದೀನಿ' ಅಂದಿದ್ದು ನೀನಾ ಮಾ?"

"ನಾನು ನಿಮ್ಮ ಹಿಂದೇನೇ ನಿಂತಿದ್ನಲ್ಲಾ ಸರ್."

"ಹೌದಲ್ವಾ," ಎಂದರು. "ಹೆಂಗಸಿನ ದನಿ. ಕನ್ನಡದಲ್ಲೇ. ಅದಕ್ಕೆ ಕೇಳ್ದೆ." ಹೇಳಿ ಕೈ ಒರೆಸಿಕೊಳ್ಳುತ್ತ ಹೋದರು. ತಮಿಳು ಬಿಟ್ಟರೆ ಇಂಗ್ಲಿಷು, ಇಷ್ಟೇ ಓಡಾಡುವ ಆ ಕಟ್ಟಡದಲ್ಲಿ ಕನ್ನಡ ಬಲ್ಲ ಹೆಂಗಸು ನಾನೊಬ್ಬಳೇ.

ಮುಂದಿನ ಪರೀಕ್ಷೆಯಲ್ಲೂ ಹಾಗೇ ಆಯಿತು. ಅದರ ಮುಂದಿನದರಲ್ಲೂ. ಒಂದು ಸಲ ನಿಲ್ಲಿಸಿದರೆ ಹೈಡ್ರೋಜನ್ ಹೊರಬಿಟ್ಟು, ಮದ್ದು ತೆಗೆದು, ಮತ್ತೆಲ್ಲ ಮೊದಲಿಂದ. ದಿನ ಪೂರ್ತಿ ಹಾಳು. ಹೊರಗೆ ಮಳೆ, ಒಳಗೆ ಗುಸುಗುಸು. ಈ ಜಾಗದಲ್ಲಿ ಮುಂಚೆ ಇದ್ದ ಕಾರ್ಖಾನೆಯಲ್ಲಿ ಯಾವಳೋ ಸತ್ತಿದ್ದಳಂತೆ ಎಂದು ಒಬ್ಬ ಶುರುಮಾಡಿದರೆ, ಸಂಜೆಯ ಹೊತ್ತಿಗೆ ಅವಳಿಗೆ ಹೆಸರು, ಊರು, ಸೀರೆಯ ಬಣ್ಣ ಎಲ್ಲ ಬಂದಿತ್ತು. ಗನ್ನಿನ ಹಿಂಬದಿಗೆ ನಿಂಬೆಹಣ್ಣು ಕಟ್ಟಿದರು. ಕರ್ಪೂರವನ್ನೂ ಹಚ್ಚೋಣ ಎಂದಾಗ ಇಳಂಗೋವನ್, ಹೈಡ್ರೋಜನ್ ಸಿಲಿಂಡರಿನ ಪಕ್ಕ ಬೆಂಕಿ ಹಚ್ಚುವುದಾದರೆ ಪಿಶಾಚಿಯ ಸಹಾಯವೇ ಬೇಕಾಗಿಲ್ಲ ಎಂದು ರೇಗಿದರು. ನಾನು ದೆವ್ವ ಭೂತ ನಂಬುವವಳಲ್ಲ. ಆದರೂ ನಿಂಬೆಹಣ್ಣನ್ನು ಯಾರೂ ತೆಗೆಯದಿದ್ದುದಕ್ಕೆ ಒಳಗೊಳಗೇ ಸಮಾಧಾನವಾಗಿತ್ತು, ಅದನ್ನು ಮುಚ್ಚಿಡುವುದೇಕೆ.

ಒಂದು ಮಧ್ಯಾಹ್ನ ಇಳಂಗೋವನ್ ನನ್ನನ್ನೇ ಒಳಗೆ ಕಳಿಸಿದರು. ಹೆಂಗಸಿನ ದನಿ ತಾನೇ, ನೀವೇ ನೋಡಿ ಬನ್ನಿ ಎಂದು ಅರ್ಧ ತಮಾಷೆಯಾಗಿ. ಉದ್ದನೆಯ ಹಾಲ್‌ನಲ್ಲಿ ನಾನೊಬ್ಬಳೇ ನಡೆದೆ. ಹೊರಗಿನ ಮಳೆ ಅಲ್ಲಿಗೆ ಕೇಳುವುದಿಲ್ಲ. ಆದರೆ ಸದ್ದೇ ಇಲ್ಲವೆಂದೂ ಅಲ್ಲ. ತಣ್ಣಗಾಗುವ ಉಕ್ಕು ಆಗಾಗ ಟಿಕ್ ಎನ್ನುತ್ತಿತ್ತು, ತಂತಿಯ ಕಾಲುವೆಯಲ್ಲಿ ನೀರು ಎಲ್ಲಿಂದಲೋ ಎಲ್ಲಿಗೋ ಹರಿಯುತ್ತಿತ್ತು. ಬಿಚ್ಚಿಟ್ಟಿದ್ದ ನಳಿಗೆಯ ಬಾಯಿಯ ಹತ್ತಿರ ಹೋದಾಗ ಒಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಸೋಕಿತು. ನನಗೆ ಏನನ್ನಿಸಿತೋ, ಬಗ್ಗಿ, ಮೆಲ್ಲಗೆ, "ಯಾರು?" ಎಂದೆ. ಕೊಳವೆಯ ಆ ತುದಿಗೆ ಹೋಗಿ ನನ್ನದೇ ದನಿ ತಡವಾಗಿ, ತೆಳ್ಳಗೆ, ಬೇರೆ ಯಾರದೋ ಎಂಬಂತೆ ವಾಪಸು ಬಂತು. ನಾನು ಹಿಂದಿರುಗಿ ನೋಡದೆ ಹೊರಗೆ ಬಂದೆ. ಯಾರೂ ಇಲ್ಲ ಎಂದು ಹೇಳುವಾಗ ನಗಲು ಪ್ರಯತ್ನಪಟ್ಟೆ.

ಕೊನೆಗೆ ಇಳಂಗೋವನ್ ಮೂರ್ತಿ ಸರ್ ಅವರನ್ನು ಕಿವಿಯ ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ಹೇಳಿದ್ದನ್ನು ಅವರು ಮರುದಿನ ರೈಲಿನಲ್ಲಿ ನನಗೆ ಹೇಳಿದರು. ಮಳೆಯಿಂದಾಗಿ ಗಾಡಿ ನಿಂತು ನಿಂತು ಹೋಗುತ್ತಿತ್ತು.

"ಗನ್ ಸದ್ದಿಗೆ ಕಿವಿ ಒಳಗೆ ಸುಮಾರು ಹೋಗ್ಬಿಟ್ಟಿದೆಯಂತೆ ಮಾ. ಕಿವಿ ಖಾಲಿ ಬಿಟ್ಟ ಜಾಗಾನ ತಲೆ ಸುಮ್ನೆ ಬಿಡಲ್ವಂತೆ. ತನಗೆ ಗೊತ್ತಿರೋ ದನಿ ಹಾಕಿ ತುಂಬ್ಕೊಳ್ಳತ್ತಂತೆ."

"ಹಾಗಾದ್ರೆ ಆ ದನಿ..."

"ರತ್ನಂದು," ಎಂದರು. ಮೊದಲ ದಿನವೇ ಗೊತ್ತಾಗಿತ್ತು ಎನ್ನುವಂತೆ ಹೇಳಿದರು. "ಕೀಲ್ಪಾಕ್ ಆಸ್ಪತ್ರೇಲಿ ಮಲಗಿದ್ಲಲ್ಲ, ಅದು ಹೆಂಗಸರ ವಾರ್ಡು. ಹೊತ್ತಲ್ಲದ ಹೊತ್ತಲ್ಲಿ ಗಂಡಸರನ್ನ ಬಿಡಲ್ಲ. ನಾನು ಬಾಗಿಲಲ್ಲೇ ನಿಂತು 'ರತ್ನಾ, ಇದೀಯಾ?' ಅಂತ ಕೂಗೋದು. ಪರದೆ ಹಿಂದಿಂದ ಅವಳು 'ಇದೀನಿ' ಅನ್ನೋಳು. ಅಷ್ಟು ಕೇಳ್ಕೊಂಡು ಡ್ಯೂಟಿಗೆ ಬರೋದು. ಒಂದಿನ ಕೂಗ್ದೆ, ಪದಿಲ್ ಬರ್ಲಿಲ್ಲ."

ಅವರೇ ನನ್ನನ್ನು ಸಮಾಧಾನ ಮಾಡುವವರಂತೆ "ಪರವಾಯಿಲ್ಲ ಬಿಡು ಮಾ, ಡಾಕ್ಟರ್ ಹೇಳಿದ್ಮೇಲೆ ಧೈರ್ಯ ಬಂತು" ಎಂದರು. ಅಂಬತ್ತೂರು ಬರುವವರೆಗೂ ಬಾಗಿಲಿನ ಕಂಬಿ ಹಿಡಿದು ಹೊರಗೆ ನೋಡುತ್ತ ನಿಂತಿದ್ದರು.

ಕೂಗುವ ಕೆಲಸ ಬೇರೆಯವರಿಗೆ ಕೊಡೋಣವೇ ಎಂದು ಇಳಂಗೋವನ್ ಮೆತ್ತಗೆ ಕೇಳಿದರು. ಮೂರ್ತಿ ಸರ್ ಮುಖ ಚಿಕ್ಕದಾಯಿತು. ಈ ಗನ್ ಮುಗಿಸಿ ನಾನೇ ಹೊರಡುವವನು, ಅಲ್ಲಿಯವರೆಗೆ ಬಿಡಿ ಎಂದರು. ಆಮೇಲೆ ಎಲ್ಲರ ಎದುರು ನಗುತ್ತ ತಮಿಳಿನಲ್ಲಿ ಒಂದು ಮಾತು ಹೇಳಿದರು: "ತಮಿಳಲ್ಲಿ ಉತ್ತರ ಬಂದರೆ ನಿಲ್ಲಿಸುತ್ತೇನೆ. ಕನ್ನಡದಲ್ಲಿ ಬಂದರೆ ಅದು ನನ್ನ ಕಿವಿ, ಮುಂದುವರಿಸೋಣ." ಎಲ್ಲರೂ ನಕ್ಕರು. ಹಲವು ದಿನಗಳ ಭಯ ಇಳಿದು ಬಿದ್ದು ಬಿದ್ದು ನಕ್ಕೆವು. ನಾನೂ ನಕ್ಕೆ. ಆ ಹಾಲ್‌ನಿಂದ ಕನ್ನಡದಲ್ಲಿ ಉತ್ತರ ಕೊಡಬಹುದಾದವಳು ನಾನೂ ಒಬ್ಬಳಿದ್ದೇನೆ ಎಂಬುದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಅಲ್ಲಿಂದ ಕೆಲಸ ಸಲೀಸಾಯಿತು. ಮೂರ್ತಿ ಸರ್ ಕೂಗುವರು, ಕೈ ಎತ್ತುವರು. ಕೆಲವು ಸಲ ಅವರ ಕುತ್ತಿಗೆಯ ನರ ಬಿಗಿಯುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ಆಗ ದನಿ ಬಂತು ಎಂದು ನಾನು ತಿಳಿದುಕೊಳ್ಳುತ್ತಿದ್ದೆ. ಆದರೂ ಅವರು ಬಾಗಿಲು ಎಳೆಯುವರು. ಹೆಂಡತಿ 'ಇದೀನಿ' ಎನ್ನುವಾಗ ಬಾಗಿಲು ಮುಚ್ಚಿ, 'ಯಾರೂ ಇಲ್ಲ' ಎಂದು ಬಂದು ಹೇಳುವುದು. ಅದು ಅವರಿಗೆ ಎಷ್ಟು ಕಷ್ಟವಾಗಿದ್ದಿರಬೇಕು ಎಂದು ಈಗ ಅನ್ನಿಸುತ್ತದೆ. ಆಗ ನಾವೆಲ್ಲ ಗುಂಡಿನ ವೇಗ ಏರುತ್ತಿದ್ದ ಖುಷಿಯಲ್ಲಿದ್ದೆವು. ಒಡೆದ ಉಕ್ಕಿನ ಬಿಲ್ಲೆಗಳು ನಾಲ್ಕು ಎಸಳು ಬಿಚ್ಚಿದ ಹೂವಾಗಿ ಹೊರಬರುತ್ತಿದ್ದವು. ಹಳೆಯ ಗನ್ನಿನ ಅಂಥದೊಂದನ್ನು ರತ್ನಮ್ಮ ಕೇಳಿ ತರಿಸಿಕೊಂಡು ಊದುಬತ್ತಿ ಸಿಕ್ಕಿಸಲು ದೇವರ ಮುಂದೆ ಇಟ್ಟುಕೊಂಡಿದ್ದರಂತೆ. ಹೊಸ ಗನ್ನಿನ ಮೊದಲ ಹೂವನ್ನು ಮೂರ್ತಿ ಸರ್ ಕರ್ಚೀಫಿನಲ್ಲಿ ಸುತ್ತಿ ಮನೆಗೆ ಒಯ್ದರು.

ಕಾರ್ತಿಕ ಬರುವ ಹೊತ್ತಿಗೆ ಸಮುದ್ರದಲ್ಲಿ ವಾಯುಭಾರ ಕುಸಿತ. ಮಧ್ಯಾಹ್ನಕ್ಕೇ ಕತ್ತಲು ಕವಿದ ಒಂದು ದಿನ ಉಪಗ್ರಹದ ಮಂದಿ ತಮ್ಮ ಕವಚದ ಪರೀಕ್ಷೆ ನೋಡಲು ಬರುವವರಿದ್ದರು. ಎಲ್ಲ ಸಿದ್ಧವಾದ ಮೇಲೆ ನನ್ನ ಒಂದು ಸೆನ್ಸರು ಸಿಗ್ನಲ್ ಕೊಡುತ್ತಿಲ್ಲ ಎಂದು ಗೊತ್ತಾಯಿತು. ಅದರ ತಂತಿ ಇದ್ದದ್ದು ತೊಟ್ಟಿಯ ಹಿಂದೆ, ತೊಟ್ಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ. ಇಳಂಗೋವನ್‌ಗೆ ಹೇಳಿ ಒಳಗೆ ಓಡಿದೆ. ನಾನು ಒಳಗಿದ್ದದ್ದು ಗೊತ್ತಿದ್ದದ್ದು ಅವರೊಬ್ಬರಿಗೇ. ಅಷ್ಟರಲ್ಲಿ ಗೇಟಿನಿಂದ ಫೋನು ಬಂತು, ಬಂದವರ ಕಾರು ನೀರಿನಲ್ಲಿ ಸಿಕ್ಕಿಕೊಂಡಿದೆ ಎಂದು. ಇಳಂಗೋವನ್ ಅತ್ತ ಹೋದರು. ವಾಪಸು ಬಂದವರು ನೇರ ಕಂಟ್ರೋಲ್ ರೂಮಿಗೇ ಬಂದರು. ಮೂರ್ತಿ ಸರ್ ಕೂಗಿ ಆಗಿದೆ ಎಂದರೆ ವಸುಧಾ ಹೊರಗೆ ಬಂದಾಗಿದೆ ಎಂದೇ ಲೆಕ್ಕ. ನಮ್ಮಲ್ಲಿ ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು.

ನಾನು ಸಂದಿಯಲ್ಲಿ ಮಂಡಿಯೂರಿ ಕೂತಿದ್ದೆ. ಬಾಗಿಲ ಕಡೆಯಿಂದ ನಾನು ಕಾಣುವಂತಿರಲಿಲ್ಲ. ತಂತಿಯ ತುದಿ ಬಿಗಿಮಾಡಿ ಏಳುವ ಹೊತ್ತಿಗೆ ಮೂರ್ತಿ ಸರ್ ದನಿ ಕೇಳಿತು. "ಉಳ್ಳ ಯಾರಾವದು ಇರುಕ್ಕೀಂಗಳಾ?"

ಅವರ ದನಿ ಕೇಳಿದರೆ ನನ್ನ ಬಾಯಿಗೆ ಬರುವುದು ಕನ್ನಡವೇ. ಯೋಚಿಸುವ ಮಾತೇ ಇರಲಿಲ್ಲ.

"ಇದೀನಿ!" ಎಂದು ಕೂಗಿದೆ.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಬಾಗಿಲು ಎಳೆದ ಸದ್ದು. ದೀಪ ಆರಿತು.

ಕತ್ತಲಲ್ಲಿ ಎದ್ದು ಧಾವಿಸಿದೆ. ನೀರು ಆರಲೆಂದು ತಂತಿಯ ಕಾಲುವೆಯ ತಗಡು ತೆಗೆದಿಟ್ಟಿದ್ದರು. ಅದು ನೆನಪಾಗುವ ಮೊದಲೇ ಕಾಲು ಕಾಲುವೆಯೊಳಗೆ ಹೋಗಿ ತಂತಿಗಳ ನಡುವೆ ಸಿಕ್ಕಿಕೊಂಡಿತು. ಎಳೆದೆ. ಬರಲಿಲ್ಲ. ಹೊಡೆಯುವ ಮುಂಚಿನ ಹಾರ್ನು ಶುರುವಾಯಿತು. ಆ ಹಾರ್ನಿನಲ್ಲಿ ನನ್ನ ಕೂಗು ನನಗೇ ಕೇಳುತ್ತಿರಲಿಲ್ಲ. "ಸರ್, ನಾನು ವಸುಧಾ" ಎಂದೆ. "ನಿರುತ್ತುಂಗ, ನಿರುತ್ತುಂಗ", ನಿಲ್ಲಿಸಿ ಎಂದು ತಮಿಳಿನಲ್ಲೂ ಕೂಗಿದೆ. ಎಲ್ಲ ಕೈತಪ್ಪಿದ ಮೇಲೆ ಸರಿಯಾದ ಭಾಷೆ ನೆನಪಾಗಿತ್ತು. ನಿಲ್ಲಿಸುವ ಗುಂಡಿ ಇದ್ದದ್ದು ಬಾಗಿಲ ಹತ್ತಿರ, ಹಾಲ್‌ನ ಆ ತುದಿಯಲ್ಲಿ. ತೊಟ್ಟಿ ಹಿಂದಕ್ಕೆ ಜಾರುವ ಜಾಗದಲ್ಲೇ ನಾನಿದ್ದೆ. ತಣ್ಣನೆಯ ಉಕ್ಕು ನನ್ನ ಭುಜಕ್ಕೆ ತಾಗುತ್ತಿತ್ತು.

ಹಾರ್ನು ನಿಂತಿತು. ಹಾರ್ನು ನಿಂತರೆ ಕೀಲಿ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಕೂಗಲು ಬಾಯಿ ತೆರೆದೆ. ನಾಲಿಗೆ ಅಂಗುಳಿಗೆ ಅಂಟಿಕೊಂಡು ಒಂದು ಸ್ವರವೂ ಹೊರಡಲಿಲ್ಲ. ಆ ಮೌನದಲ್ಲಿ ನಾನು ಕೂಗಲಿಲ್ಲ, ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಬರೀ ಕಣ್ಣು ಮುಚ್ಚಿ ಕೂತೆ. ಅಮ್ಮನ ಮುಖವೂ ಬರಲಿಲ್ಲ, ದೇವರ ಹೆಸರೂ ಬರಲಿಲ್ಲ. ಕಾಲುವೆಯ ನೀರು ಹರಿಯುವುದೊಂದೇ ಕೇಳುತ್ತಿತ್ತು.

ಗುಂಡು ಹಾರಲಿಲ್ಲ. ಎಷ್ಟೋ ಹೊತ್ತಾಯಿತು ಎಂದು ನನಗನ್ನಿಸಿದ ಮೇಲೆ, ನಿಜಕ್ಕೂ ಎಷ್ಟು ಹೊತ್ತೋ, ದೀಪ ಹತ್ತಿತು, ಬಾಗಿಲು ದಡಾರನೆ ತೆರೆಯಿತು. ಮೂರ್ತಿ ಸರ್ ಓಡಿ ಬಂದು ಹಾಲ್‌ನ ನಡುವೆ ನಿಂತು ಕೂಗಿದರು. ತಮಿಳಿನಲ್ಲಲ್ಲ.

"ಇದೀಯಾ?"

"ಇದೀನಿ ಸರ್, ಇಲ್ಲಿ," ಎಂದೆ. ಆಗ ದನಿ ಬಂತು, ಜೊತೆಗೆ ಅಳುವೂ ಬಂತು.

ಚಪ್ಪಲಿ ಕತ್ತರಿಸಿ ಕಾಲು ಬಿಡಿಸಿದರು. ಇಳಂಗೋವನ್ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಅವತ್ತಿನ ಪರೀಕ್ಷೆ ಆಗುವುದಿಲ್ಲ ಎಂದು ಬಂದವರಿಗೆ ಹೇಳಿ ಕಳಿಸಿದರು. ಟೀ ಬಂತು. ಮೂರ್ತಿ ಸರ್ ಎದುರು ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಕೀಲಿಯ ಮೇಲೆ ಕೈ ಇಟ್ಟಿದ್ದವರು ಅವರೇ, ಏನೂ ಹೇಳದೆ ಅದನ್ನು ಕಿತ್ತುಕೊಂಡು ಓಡಿಬಂದವರೂ ಅವರೇ ಎಂದು ಆಗ ತಿಳಿಯಿತು.

"ಮೊದಲ್ನೇ ಸಲ ನೀನು ಪದಿಲ್ ಕೊಟ್ಟಾಗ ಅದು ನನ್ನ ಕಿವಿ ಅಂದ್ಕೊಂಡೆ ಮಾ. ಬಾಗಿಲು ಹಾಕ್ಬಿಟ್ಟೆ. ಮನ್ನಿಸಿಬಿಡು." ಕೈ ಮುಗಿಯಲು ಹೋದರು. ನಾನು ಅವರ ಕೈ ಹಿಡಿದುಕೊಂಡೆ. "ಹಾರ್ನ್ ನಿಂತ ಮೇಲೆ ಇನ್ನೊಂದ್ಸಲ ಕೂಗಿದ್ಯಲ್ಲ, ಅದಕ್ಕೆ ನಿಂತೆ. ಆ ಕೂಗು ಬರದೆ ಇದ್ದಿದ್ರೆ ಹೊಡ್ದುಬಿಡ್ತಿದ್ದೆ."

"ನಾನು ಕೂಗ್ಲಿಲ್ಲ ಸರ್."

"ಕೂಗ್ದೆ ಮಾ. ಜೋರಾಗಿ ಕೇಳಿಸ್ತು."

"ಇಲ್ಲ ಸರ್. ಬಾಯೇ ಬರ್ಲಿಲ್ಲ ನಂಗೆ. ಬಂದಿದ್ರೂ ಕಂಟ್ರೋಲ್ ರೂಮಿಗೆ ಹೇಗೆ ಕೇಳಿಸತ್ತೆ, ಮಧ್ಯೆ ಅಷ್ಟು ದಪ್ಪ ಗೋಡೆ." ಹೇಳುತ್ತ ಹೇಳುತ್ತ ನನ್ನ ಮೈ ಜುಮ್ಮೆಂದಿತು. "ಏನಂತ ಕೇಳಿಸ್ತು ಸರ್?"

ಅವರು ಹಾಲ್‌ನ ಕಡೆ ತಿರುಗಿ ನೋಡಿದರು.

"'ರೀ, ಒಳಗೆ ಇದಾಳೆ ರೀ' ಅಂತ."

ನಾನು ಅವರನ್ನು ಯಾವತ್ತೂ 'ರೀ' ಎಂದು ಕರೆದವಳಲ್ಲ. ಮೇಜಿನ ಆ ಕಡೆ ಕೂತಿದ್ದ ಇಳಂಗೋವನ್‌ಗೆ ಕನ್ನಡ ಬಾರದು. ಏನಂದರು, ಏನಂದರು ಎಂದು ನನ್ನನ್ನು ಕೇಳಿದರು. ಸೆನ್ಸರಿನ ವಿಷಯ ಎಂದೆ.

ಡಾಕ್ಟರು ಇದಕ್ಕೂ ಒಂದು ಕಾರಣ ಹೇಳಿಯಾರು. ಮೊದಲ ಸಲ ಕೇಳಿದ ನನ್ನ ದನಿ ಅವರ ಮನಸ್ಸಿನ ಮೂಲೆಯಲ್ಲಿ ಕೊರೆಯುತ್ತಿತ್ತು, ತಲೆ ಅದನ್ನೇ ತಿದ್ದಿ ಹೆಂಡತಿಯ ಬಾಯಲ್ಲಿ ಹೇಳಿಸಿತು ಎಂದು. ನಾನೂ ಹಾಗೇ ನಂಬಲು ನೋಡಿದ್ದೇನೆ. ಹಗಲಲ್ಲಿ ನಂಬುತ್ತೇನೆ ಕೂಡ.

ಅಂದಿನಿಂದ ಕೂಗುವುದು ನಿಂತಿತು. ಪ್ರತಿಯೊಬ್ಬರಿಗೂ ಹೆಸರಿನ ಹಿತ್ತಾಳೆ ಬಿಲ್ಲೆ ಬಂತು. ಎಲ್ಲರ ಬಿಲ್ಲೆಯೂ ಹೊರಗಿನ ಹಲಗೆಗೆ ಬಾರದೆ ಕೀಲಿ ತಿರುಗಬಾರದು ಎಂಬ ನಿಯಮ ಬಂತು. ಮೂರ್ತಿ ಸರ್ ಒಪ್ಪಿಕೊಂಡರು, ಇಷ್ಟು ವರ್ಷ ಯಾಕೆ ಮಾಡಲಿಲ್ಲ ಎಂದು ತಮ್ಮನ್ನೇ ಬೈದುಕೊಂಡರು. ರೈಲಿನಲ್ಲಿ ಮಾತು ಕಡಿಮೆಯಾಯಿತು. ಒಂದು ದಿನ ಮಾತ್ರ ಇದ್ದಕ್ಕಿದ್ದಂತೆ, "ಅವಳು ಕೂಗ್ದಾಗೆಲ್ಲ ಬಾಗಿಲು ಹಾಕಿದೀನಿ ಮಾ, ಆದ್ರೂ ಅವಳು ಬಿಡ್ಲಿಲ್ಲ ನೋಡು" ಎಂದರು.

ಮಾರ್ಗಳಿಯ, ನಮ್ಮ ಧನುರ್ಮಾಸದ ಹೊತ್ತಿಗೆ ಮಳೆ ಹೊಳವಾಯಿತು. ಹೊಸ ಗನ್ನನ್ನು ಒಪ್ಪಿಸುವ ಕೊನೆಯ ಪರೀಕ್ಷೆ. ಬಿಲ್ಲೆಗಳೆಲ್ಲ ಹಲಗೆಯ ಮೇಲಿದ್ದವು, ಇಳಂಗೋವನ್ ತಾವೇ ನೋಡಿದ್ದರು. ಬಾಗಿಲು ಮುಚ್ಚುವ ಮುಂಚೆ ಮೂರ್ತಿ ಸರ್, "ಒಂದೇ ಒಂದ್ಸಲ ನಾನು ಕೂಗ್ಲಾ?" ಎಂದು ಕೇಳಿದರು. ಅಗತ್ಯವಿಲ್ಲ ಎಂದು ಹೇಳಲು ಇಳಂಗೋವನ್‌ಗೆ ಮನಸ್ಸು ಬರಲಿಲ್ಲ. ನಾವೆಲ್ಲ ಹಿಂದೆ ನಿಂತೆವು.

ಅವರು ಹೊಸ್ತಿಲ ಮೇಲೆ ನಿಂತರು. ತಮಿಳಿನಲ್ಲಿ ಕೂಗಲಿಲ್ಲ. ಜೋರಾಗಿಯೂ ಕೂಗಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಎಷ್ಟು ಮೆತ್ತಗೆ ಕೂಗುತ್ತಿದ್ದರೋ ಅಷ್ಟೇ ಮೆತ್ತಗೆ, "ಇದೀಯಾ?" ಎಂದರು.

ಕೈ ಎತ್ತಿ ಕಾದರು. ಯಾವತ್ತಿಗಿಂತ ಹೆಚ್ಚು ಹೊತ್ತು ಕಾದರು. ನಾನೂ ಕಿವಿಗೊಟ್ಟು ಕಾದೆ. ಬರಲಿ ಎಂದು ಕಾದೆನೋ ಬಾರದಿರಲಿ ಎಂದು ಕಾದೆನೋ ನನಗೇ ಗೊತ್ತಿಲ್ಲ. ಮೂರ್ತಿ ಸರ್ ಎತ್ತಿದ ಕೈ ಇಳಿಸಿದರು. ಕೊನೆಗೆ ನನ್ನ ಕಡೆ ತಿರುಗಿದರು.

"ನಿನಗೇನಾದ್ರೂ ಕೇಳಿಸ್ತಾ ಮಾ?"

"ಇಲ್ಲ ಸರ್."

"ನನಗೂ ಇಲ್ಲ," ಎಂದರು.

ಬಾಗಿಲನ್ನು ಅವರೇ ಎಳೆದು ಹಾಕಿದರು. ಕಂಟ್ರೋಲ್ ರೂಮಿಗೆ ಬಂದು, ಇಳಂಗೋವನ್‌ಗೆ ಕನ್ನಡ ಬಾರದೆನ್ನುವುದನ್ನು ಮರೆತವರಂತೆ, "ಒಳಗೆ ಯಾರೂ ಇಲ್ಲ, ಹೊಡೀರಿ" ಎಂದರು. ಇಳಂಗೋವನ್ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಹಾರ್ನು ಕೂಗಿ ನಿಂತಿತು. ಕೀಲಿ ತಿರುಗಿತು. ಕಟ್ಟಡ ಅದುರಿದಾಗ ಮೂರ್ತಿ ಸರ್ ಚಿಕ್ಕ ಹುಡುಗನ ಹಾಗೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ನಿಂತಿದ್ದರು.